ಮಾಳಜ್ಜಿಯ ಕೈಗುಣ

ಕೈಗುಣ ಅಂತೀವಲ್ಲ, ಅದು ನಿಜಕ್ಕೂ ಏನು ಅಂತ ಒಂದು ದಿನ ಗೊತ್ತಾಗಿಬಿಟ್ಟರೆ ಏನಾಗುತ್ತೆ? ಆ ಡಾಕ್ಟರ ಕೈಗುಣ ಒಳ್ಳೇದು, ಈಕೆ ಕಲಸಿದ ಉಪ್ಪಿನಕಾಯಿ ಕೆಡೋದಿಲ್ಲ, ಆತನ ಕೈಯಿಂದ ಬೋಣಿ ಆದರೆ ದಿನವಿಡೀ ವ್ಯಾಪಾರ ಅಂತೆಲ್ಲ ನಾವು ಹೇಳಿಕೊಂಡು ತಿರುಗ್ತೀವಿ. ಯಾರೂ ಅದನ್ನು ಹಿಡಿದು ಪರೀಕ್ಷೆ ಮಾಡಿರಲಿಲ್ಲ. ನಮ್ಮ ಕಂಪನಿ ಮಾಡಿತು. ಆಮೇಲೆ ಏನು ನಡೀತು ಅನ್ನೋದನ್ನ ಹೇಳೋಕೆ ಕೂತಿದ್ದೀನಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ, ಬೇಕಾದರೆ ನನ್ನ ಹೆಂಡತಿ ಶಶಿರೇಖಾಳನ್ನು ಕೇಳಿ ನೋಡಿ. ಆದರೆ ಈ ವಿಷಯದಲ್ಲಿ ಸಿಟ್ಟೂ ಬರ್ತಿಲ್ಲ. ಗರ ಬಡಿದವನ ಹಾಗೆ ಆಗಿದ್ದೀನಿ.

ನಾನು ಪಾತರಾಜು. ತುಮಕೂರಿನ ಆಚೆ, ಒಂದು ಔಷಧ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೆಲಸ. ನಮ್ಮಲ್ಲಿ ಎರಡಾಳೆತ್ತರದ ಸ್ಟೀಲ್ ಟ್ಯಾಂಕುಗಳಿವೆ. ಔಷಧಕ್ಕೆ ಬೇಕಾದ ಸೂಕ್ಷ್ಮಜೀವಿಗಳನ್ನು ಅವುಗಳಲ್ಲಿ ಬೆಳೆಸ್ತೀವಿ. ಬಿಸಿ ಏರಿತಾ, ಗಾಳಿ ಕಮ್ಮಿ ಆಯ್ತಾ, ಹುಳಿ ಜಾಸ್ತಿ ಆಯ್ತಾ ಅಂತ ಪರದೆ ನೋಡ್ತಾ ಕೂರೋದು ನನ್ನ ಕೆಲಸ. ಹಾಲಿಗೆ ಹೆಪ್ಪು ಹಾಕಿ ಮೊಸರಾಗೋದನ್ನ ಕಾಯೋ ಕೆಲಸವೇ, ಪಾತ್ರೆ ದೊಡ್ಡದು ಅಷ್ಟೆ. ಸಂಬಳ ಸರಿಯಾಗಿ ಬರ್ತಿತ್ತು, ಹಬ್ಬಕ್ಕೆ ಸ್ವೀಟ್ ಬಾಕ್ಸ್ ಕೊಡ್ತಿದ್ದರು. ನಮ್ಮ ಕಂಪನಿ ಅಂತ ನಾಲ್ಕು ಜನರ ಮುಂದೆ ಜಂಬ ಕೊಚ್ಚಿಕೊಂಡವನೇ ನಾನು.

ಆಗ ಸುಡುಗುಳ್ಳೆ ಬಂದಿತ್ತು. ಡಾಕ್ಟರುಗಳು ಅದಕ್ಕೆ ಬಾಯಿ ತಿರುಗದ ಹೆಸರೇನೋ ಇಟ್ಟಿದ್ದರು, ಜನ ಕರೆದದ್ದು ಸುಡುಗುಳ್ಳೆ ಅಂತ. ಹುಟ್ಟಿದ ಕೂಸಿನ ಮೈಮೇಲೆ ಸಾಸಿವೆಯಷ್ಟು ಗುಳ್ಳೆ ಏಳೋದು, ಸಂಜೆಗೆ ಜ್ವರ ಬರೋದು, ಆಮೇಲೆ ಹಾಲು ಹೀರೋದು ನಿಲ್ಲೋದು. ಯಾವ ಆಂಟಿಬಯಾಟಿಕ್ಕೂ ನಾಟ್ತಿರಲಿಲ್ಲ. ಐದು ವರ್ಷ ದಾಟಿದವರ ತಂಟೆಗೆ ಬರ್ತಿರಲಿಲ್ಲ, ಎಳೇ ಮಕ್ಕಳನ್ನ ಮಾತ್ರ ಆರಿಸಿಕೊಂಡು ಹೋಗ್ತಿತ್ತು. ನಮ್ಮ ಮೊದಲ ಮಗ ಅದರಲ್ಲೇ ಹೋದ. ಆಸ್ಪತ್ರೆಯಿಂದ ಅವನನ್ನು ಅತ್ತೆ ಮನೆಗೆ ಕರೆದುಕೊಂಡು ಹೋಗೋಕೂ ಆಗಲಿಲ್ಲ. ನರ್ಸು ಬಂದು ಎತ್ತಿಕೊಳ್ಳುವಾಗ ಶಶಿ ಕೈ ಸಡಿಲ ಮಾಡಲಿಲ್ಲ, ನಾನೇ ಬಿಡಿಸಬೇಕಾಯಿತು. ಆ ಕಥೆ ಇಷ್ಟು ಸಾಕು. ಇನ್ನೂ ಹೇಳೋದು ನನ್ನ ಕೈಲಾಗೋದಿಲ್ಲ.

ಅದಾಗಿ ಕೆಲವು ತಿಂಗಳಿಗೆ ನಮ್ಮ ಲ್ಯಾಬಿನ ವಿಜ್ಞಾನಿ ಡಾ. ಕಾತ್ಯಾಯಿನಿ ಮೇಡಂ ನನ್ನನ್ನು ಕರೆದು ಕೇಳಿದರು. "ಪಾತರಾಜು, ನಿಮ್ಮ ಅತ್ತೆ ಮನೆ ಮಧುಗಿರಿ ಅಲ್ವಾ? ಅಲ್ಲಿ ಮಾಳಮ್ಮ ಅಂತ ಒಬ್ಬ ಅಜ್ಜಿ ಇದ್ದಾರಲ್ಲ, ಗೊತ್ತಾ?"

ಗೊತ್ತಿಲ್ಲದೆ ಏನು. ಅತ್ತೆ ಮನೆ ಇರೋದು ಬೆಟ್ಟದ ಬುಡದ ಒಂದು ಗಲ್ಲಿಯಲ್ಲಿ. ಅದೇ ಗಲ್ಲಿಯ ಕೊನೇ ಮನೆ ಮಾಳಜ್ಜಿಯದು. ಬಾಣಂತಿ ಮನೆಗಳಿಗೆ ಹೋಗಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕೋದು ಆಕೆಯ ಕಸುಬು. ಎಲೆ ಅಡಿಕೆ, ಒಂದು ರವಿಕೆ ಕಣ ಕೊಟ್ಟರೆ ಅದೇ ಆಕೆಗೆ ದೊಡ್ಡದು. ಆಕೆ ನೀರು ಹಾಕಿದ ಒಂದು ಕೂಸಿಗೂ ಸುಡುಗುಳ್ಳೆ ಆಗಿಲ್ಲ ಅಂತ ಊರವರು ಹೇಳ್ತಿದ್ದರು. ಪರದೆಯಲ್ಲಿ ಕಾಣಿಸದ್ದನ್ನ ನಾನು ಅಷ್ಟಾಗಿ ನಂಬೋನಲ್ಲ, ಹಾಗಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

ಮೇಡಂ ಹಾಕಿಕೊಂಡಿದ್ದರು. ಜಿಲ್ಲೆಯಲ್ಲಿ ಸುಡುಗುಳ್ಳೆ ಎಲ್ಲೆಲ್ಲಿದೆ ಅಂತ ನಕ್ಷೆ ಮಾಡುವಾಗ ಆ ಎರಡು ಮೂರು ಬೀದಿ ಮಾತ್ರ ಖಾಲಿ ಉಳಿದದ್ದನ್ನ ಕಂಡು, ವಿಚಾರಿಸಿಕೊಂಡು ಹೋಗಿ, ಅಜ್ಜಿಯ ಅಂಗೈಯನ್ನು ಹತ್ತಿಕಡ್ಡಿಯಲ್ಲಿ ಒರೆಸಿಕೊಂಡು ಬಂದಿದ್ದರು. "ನೋಡಿ, ಇದೇ ನಿಮ್ಮ ಅಜ್ಜಿಯ ಕೈಗುಣ," ಅಂತ ಮೈಕ್ರೋಸ್ಕೋಪಿನ ಮುಂದೆ ನನ್ನನ್ನು ಕೂರಿಸಿದರು. ನೀಲಿ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು ಕಂಡವು.

"ಇದು ಎಳೇ ಚರ್ಮದ ಮೇಲೆ ಕೂರುತ್ತೆ. ಕೂತ ಮೇಲೆ ಸುಡುಗುಳ್ಳೆಯ ಕ್ರಿಮಿಗೆ ಅಲ್ಲಿ ಜಾಗ ಕೊಡೋದಿಲ್ಲ. ಚರ್ಮ ಬಲಿತ ಮೇಲೆ ತಾನಾಗಿ ಹೊರಟುಹೋಗುತ್ತೆ. ಅಷ್ಟರಲ್ಲಿ ಮಗುವಿನ ಮೈ ಆ ರೋಗವನ್ನ ತಡೆಯೋದು ಕಲಿತಿರುತ್ತೆ."

"ಮತ್ತೆ ಅಜ್ಜಿ ಕೈಯಲ್ಲಿ ಹೇಗಿದೆ ಮೇಡಂ? ಆಕೆದೇನು ಎಳೇ ಚರ್ಮವಾ?"

"ಆಕೆ ಹುಟ್ಟಿದಾಗಿನಿಂದ ಸೋಪು ಮುಟ್ಟಿಲ್ಲ ಕಣ್ರೀ. ಕಡಲೆಹಿಟ್ಟಿನಲ್ಲೇ ಕೈ ತೊಳೆಯೋದು. ದಿನಾ ಎಣ್ಣೆ, ಬಿಸಿನೀರು, ಎಳೇ ಕೂಸು. ಒಂದು ಕೂಸಿಂದ ಆಕೆ ಕೈಗೆ, ಆಕೆ ಕೈಯಿಂದ ಇನ್ನೊಂದು ಕೂಸಿಗೆ. ಆಕೆಯ ತಾಯಿಯೂ ಇದೇ ಕೆಲಸ ಮಾಡಿದವರಂತೆ. ಹಾಗೇ ಉಳಿದುಕೊಂಡು ಬಂದಿದೆ. ಎಷ್ಟೋ ಊರು ತಿರುಗಿ ಎಷ್ಟೋ ಜನರ ಕೈ ಒರೆಸಿ ನೋಡಿದೆ. ಬೇರೆಲ್ಲೂ ಇಲ್ಲ."

ಮಗನನ್ನು ಒಂದೇ ಒಂದು ಸಲ ಆ ಅಜ್ಜಿಯ ಕಾಲ ಮೇಲೆ ಮಲಗಿಸಿದ್ದರೆ ಇವತ್ತು ಅವನು ಮನೆ ತುಂಬ ಅಂಬೆಗಾಲಿಡ್ತಿದ್ದ. ಮೇಡಂಗೂ ಗೊತ್ತಿತ್ತು, ನನ್ನ ಮುಖ ನೋಡದೆ ಮೈಕ್ರೋಸ್ಕೋಪು ಒರೆಸ್ತಾ ನಿಂತರು.

ಇನ್ನು ನಮ್ಮ ಎಂ.ಡಿ. ಉದಯಶಂಕರ್ ವಿಷಯ. ಆತ ಕೆಟ್ಟವನು ಅಂತ ಈಗಲೇ ತೀರ್ಮಾನ ಮಾಡಬೇಡಿ. ಕಸ ಗುಡಿಸೋರಿಗೂ ಬಹುವಚನ ಬಿಟ್ಟು ಮಾತಾಡಿದವರಲ್ಲ. ನನ್ನ ಮಗ ಹೋದಾಗ ಮನೆಗೆ ಬಂದು ಚಾಪೆ ಮೇಲೆ ಕೂತು ಹೋಗಿದ್ದರು. ಅವರು ಕರೆದ ಮೀಟಿಂಗಿನಲ್ಲಿ ಟ್ಯಾಂಕಿನ ಕಡೆಯವನು ಅಂತ ನಾನೂ ಕೂತಿದ್ದೆ. ಮೇಡಂ ಎಲ್ಲ ವಿವರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎಂ.ಡಿ. ಕೇಳಿದರು, "ಒಂದು ಸಲ ಹಚ್ಚಿದರೆ ಸಾಕಾ ಮೇಡಂ?"

"ಸಾಕು ಸಾರ್. ಒಂದು ಕೂಸಿಗೆ ಇನ್ನೊಂದು ಕೂಸು ತಾಗಿದರೂ ಸಾಕು, ಅದಕ್ಕೂ ಹೋಗುತ್ತೆ. ಸ್ವಲ್ಪ ವರ್ಷದಲ್ಲಿ ಇಡೀ ರಾಜ್ಯದಿಂದ ಸುಡುಗುಳ್ಳೆನ ಓಡಿಸಬಹುದು."

ಎಂ.ಡಿ. ಮೆತ್ತಗೆ ಕೇಳಿದರು. "ಹಾಗಾದರೆ ಎರಡನೇ ಬಾಟ್ಲಿ ಯಾರು ತಗೋತಾರೆ?"

ಮೇಡಂಗೆ ಪ್ರಶ್ನೆ ಅರ್ಥ ಆಗಲಿಲ್ಲ. ನನಗೂ ಆಗಲಿಲ್ಲ.

"ಒಂದೇ ಬಾಟ್ಲಿಗೆ ಕೆಲಸ ಮುಗಿಸಿ, ಪಕ್ಕದ ಮನೆಗೂ ಪುಕ್ಕಟೆ ಹಂಚೋ ಮಗು ಇದೆಯಲ್ಲ, ಅದಕ್ಕೆ ನಮ್ಮ ಮಾರ್ಕೆಟಿಂಗಿನವರು ಏನಂತಾರೆ ಗೊತ್ತಾ? ಸತ್ತ ಗಿರಾಕಿ ಅಂತಾರೆ. ತಪ್ಪು ತಿಳೀಬೇಡಿ, ವ್ಯಾಪಾರದ ಮಾತು ಅದು. ಗಿರಾಕಿ ಅಂದರೆ ಮತ್ತೆ ಬರೋನು. ಬರದೇ ಇರೋನು ನಮ್ಮ ಪಾಲಿಗೆ ಸತ್ತ ಹಾಗೆ."

ಕೈಯಲ್ಲಿದ್ದ ಟೀ ಲೋಟ ಹಾಗೇ ಹಿಡಿದು ಕೂತುಬಿಟ್ಟೆ. ಬದುಕಿ ಉಳಿಯೋ ಮಕ್ಕಳನ್ನ ಸತ್ತವರು ಅಂತ ಕರೀತಿದ್ದಾರೆ, ಅದೂ ನನ್ನ ಮನೆಯ ಚಾಪೆ ಮೇಲೆ ಕೂತು ಹೋದ ಮನುಷ್ಯ. ಸುತ್ತ ನೋಡಿದೆ. ಯಾರ ಮುಖದಲ್ಲೂ ಏನೂ ಇರಲಿಲ್ಲ. ಒಬ್ಬ ಬಿಸ್ಕತ್ತನ್ನ ಟೀಯಲ್ಲಿ ಅದ್ದಿ ತಿಂತಿದ್ದ.

"ಸಾರ್, ಇದು ಔಷಧ," ಅಂದರು ಮೇಡಂ.

"ನಾನೂ ಅದನ್ನೇ ಹೇಳ್ತಿರೋದು. ಔಷಧ ತಯಾರಾಗಬೇಕಾದರೆ ಕಾರ್ಖಾನೆ ನಡೀಬೇಕು. ಲಾಭ ಇಲ್ಲದೆ ಕಾರ್ಖಾನೆ ನಡೆಯುತ್ತಾ? ಇವರೆಲ್ಲರ ಸಂಬಳ ಎಲ್ಲಿಂದ ಬರುತ್ತೆ? ನೀವೇ ಹೇಳಿ ಪಾತರಾಜು ಅವ್ರೇ."

ನಾನು ತಲೆ ಆಡಿಸಿದೆ.

ಮೇಡಂ ಕೈಯಿಂದ ಆ ಕೆಲಸವನ್ನು ತೆಗೆದು ಹೊರಗಿನ ಒಂದು ಲ್ಯಾಬಿಗೆ ಕೊಟ್ಟರು. ಅಲ್ಲಿಂದ ಬಂದದ್ದು ಹೊಸ ತಳಿ. ಅದರಲ್ಲಿ ಎರಡು ಬದಲಾವಣೆ ಮಾಡಿದ್ದರು. ಒಂದು, ಬಾಟ್ಲಿಯಲ್ಲಿ ಬೆರೆಸೋ ಒಂದು ಬಿಳೀ ಪುಡಿ ಸಿಕ್ಕರೆ ಮಾತ್ರ ಅದು ಬದುಕೋದು. ಬಾಟ್ಲಿ ಹಚ್ಚೋದು ನಿಲ್ಲಿಸಿದರೆ ಕೆಲವು ವಾರದಲ್ಲಿ ಸತ್ತುಹೋಗುತ್ತೆ, ಮಗುವಿನ ಮೈಗೆ ಏನೂ ಕಲಿಸದೆ. ಎರಡು, ಅದು ಕೂತ ಕಡೆ ಅಜ್ಜಿಯ ಹಳೇ ತಳಿ ಇದ್ದರೆ ಅದನ್ನು ಪೂರ್ತಿ ಕೊಂದುಹಾಕುತ್ತೆ. ಔಷಧ ಎಲ್ಲೆಂದರಲ್ಲಿ ಹರಡಬಾರದು, ಬೆರಕೆ ಆಗಬಾರದು, ಸುರಕ್ಷತೆಗೋಸ್ಕರ ಇದೆಲ್ಲ ಅಂತ ನಮಗೆ ಹೇಳಿದರು. ಮೇಡಂ ಜಗಳ ಆಡಿದರು. ಕೊನೆಗೆ, ಹೇಗಾದರೂ ಮಕ್ಕಳು ಉಳೀತಾವಲ್ಲ ಅಂತ ಸುಮ್ಮನಾದರು. ಟ್ಯಾಂಕಿಗೆ ಬಿಳೀ ಪುಡಿ ಸುರಿಯೋ ಬಟನ್ ಒತ್ತಿದವನು ನಾನೇ. ಆ ಔಷಧಕ್ಕೆ ಹಸ್ತಾಮೃತ ಅಂತ ಹೆಸರಿಟ್ಟರು.

ಈ ನಡುವೆ ಶಶಿ ಮತ್ತೆ ಬಸುರಿಯಾಗಿದ್ದಳು. ಅತ್ತೆ ಒಂದೇ ಮಾತು ಹೇಳಿದರು, "ಹೆರಿಗೆ ಎಲ್ಲಾದ್ರೂ ಆಗ್ಲಿ, ಮಗೂಗೆ ನೀರು ಹಾಕೋದು ಮಾಳಜ್ಜಿನೇ." ಈ ಸಲ ನಾನು ಕಾರಣ ತಿಳಿದೇ ಹೂಂ ಅಂದೆ. ಮಗಳು ಹುಟ್ಟಿದ ಮಾರನೇ ದಿನವೇ ಮಧುಗಿರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಶಶಿ ಕೂಸಿಗೆ ಸುತ್ತಿದ ಬಟ್ಟೆ ಸರಿಸಿ ಸರಿಸಿ ಮೈ ನೋಡ್ತಿದ್ದಳು, ಗುಳ್ಳೆ ಎದ್ದಿದೆಯಾ ಅಂತ.

ಮಾಳಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳು. ಬೆಚ್ಚಗಿನ ಹರಳೆಣ್ಣೆಯನ್ನು ಬೆನ್ನಿಗೆ, ಸಂದುಸಂದಿಗೆ ತಿಕ್ಕಿದಳು. ನಾನು ಬಾಗಿಲಲ್ಲಿ ನಿಂತು ಬೆವರ್ತಿದ್ದೆ.

"ಯಾಕ್ ಅಳಿಮಯ್ಯ, ಹಂಗ್ ನೋಡ್ತೀಯ? ನಿನ್ ಮಗಳನ್ನ ನಾನೇನ್ ತಿಂದ್ಕೊಂಬಿಡ್ತೀನಾ?"

"ಮೆಲ್ಲಗೆ ಅಜ್ಜಿ. ಎಳೇ ಮೈ."

"ಎಳೇ ಮೈ ಅಂತ್ಲೇ ತಿಕ್ಕೋದು. ನಿನ್ ಹೆಂಡ್ರನ್ನೂ ನಾನೇ ತಿಕ್ಕಿದ್ದು. ಎಂಗವ್ಳೆ ನೋಡು, ನಿನ್ ಬಾಯಿ ಮುಚ್ಚುಸ್ತಾಳಾ ಇಲ್ವಾ?"

ಒಳಕೋಣೆಯಿಂದ ಶಶಿ ನಕ್ಕದ್ದು ಕೇಳಿಸಿತು. ಮಗ ಹೋದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ. ಆ ನಗು ಕೇಳಿ ನನಗೆ ಅಳು ಬಂದುಬಿಟ್ಟಿತು, ನಾಚಿಕೆ ಇಲ್ಲದೆ ಅತ್ತುಬಿಟ್ಟೆ. ಅಜ್ಜಿ ಎಣ್ಣೆ ಕೈಯಲ್ಲೇ ಕೂಸನ್ನು ಮಗುಚಿ ಹಾಕಿ, "ನೋಡವ್ವ, ನಿಮ್ಮಪ್ಪ ನಿನಗಿಂತ ಜಾಸ್ತಿ ಅಳ್ತಾನೆ," ಅಂದಳು.

ಅಷ್ಟು ಹೊತ್ತಿಗೆ ಮಾಳಜ್ಜಿಯ ಸುದ್ದಿ ಹಬ್ಬಿ ದೂರದೂರಿಂದ ಬಾಣಂತಿಯರು ಆಟೋ ಮಾಡಿಕೊಂಡು ಬರೋಕೆ ಶುರುಮಾಡಿದ್ದರು. ಗಲ್ಲಿಯಲ್ಲಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಅಜ್ಜಿ ಯಾರಿಗೂ ಆಗಲ್ಲ ಅಂದವಳಲ್ಲ. ನಮ್ಮ ಎಂ.ಡಿ.ಗೂ ಆ ಸುದ್ದಿ ಹೋಯಿತು. ಹಸ್ತಾಮೃತದ ಬಿಡುಗಡೆ ದಿನ ಆಕೆಗೆ ಸನ್ಮಾನ ಅಂತ ಗೊತ್ತು ಮಾಡಿದರು.

ಸನ್ಮಾನ ಅಂದರೆ ನಮ್ಮ ಜನಕ್ಕೆ ಬುದ್ಧಿ ಮಂಕಾಗುತ್ತೆ. ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ ಕಂಡರೆ ಸಾಕು, ಯಾಕೆ ಏನು ಅಂತ ಒಬ್ಬರೂ ಕೇಳೋದಿಲ್ಲ. ತುಮಕೂರಿನ ದೊಡ್ಡ ಸಭಾಂಗಣ. ಅಜ್ಜಿಯನ್ನು ಮಹಾರಾಜರ ಕುರ್ಚಿಯಂಥದ್ದರಲ್ಲಿ ಕೂರಿಸಿದ್ದರು, ಕಾಲು ನೆಲಕ್ಕೆ ಎಟುಕ್ತಿರಲಿಲ್ಲ. ಪೇಟ ಕಣ್ಣಿನ ಮೇಲೆ ಜಾರ್ತಿತ್ತು. ಎಂ.ಡಿ. ಆಕೆಯ ಮುಂದೆ ಮಂಡಿಯೂರಿದರು. ಬೆಳ್ಳಿ ತಟ್ಟೆ ಹಿಡಿದು, ಮೊದಲ ಬಾಟ್ಲಿಯ ಮುಚ್ಚಳ ತೆಗೆದು, ಮೈಕಿನಲ್ಲಿ ಹೇಳಿದರು. "ಈ ಅಮೃತ ಯಾರ ಕೈಯಿಂದ ಬಂತೋ, ಮೊದಲು ಆ ಕೈಗಳಿಗೇ ಅರ್ಪಣೆ."

ಬಾಟ್ಲಿಯನ್ನು ಪೂರ್ತಿ ಆಕೆಯ ಅಂಗೈಗೆ ಸುರಿದು, ತಾವೇ ಬೆರಳು ಸಂದಿಯವರೆಗೂ ಹಚ್ಚಿದರು. ಸಭೆಗೆ ಸಭೆಯೇ ಎದ್ದು ನಿಂತಿತು. ನಾನು ಬಾಯಿಗೆ ಬೆರಳಿಟ್ಟು ಸೀಟಿ ಹೊಡೆದೆ. ಪಕ್ಕದಲ್ಲಿ ಕಾತ್ಯಾಯಿನಿ ಮೇಡಂ ಕಣ್ಣು ಒರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಆ ಬಾಟ್ಲಿಯಲ್ಲಿ ಏನಿದೆ, ಅದು ಆ ಕೈಗೆ ಏನು ಮಾಡುತ್ತೆ ಅಂತ ತಿಳಿದವರು ಆ ಸಭೆಯಲ್ಲಿ ನಾವು ಮೂರೇ ಜನ. ಮೂವರಲ್ಲಿ ಇಬ್ಬರು ಚಪ್ಪಾಳೆ ಸೀಟಿಯಲ್ಲಿ ಮೈಮರೆತಿದ್ದೆವು.

ಮಾರನೇ ದಿನದಿಂದ ಅಜ್ಜಿಯನ್ನು ಏಸಿ ಕಾರಿನಲ್ಲಿ ಊರೂರು ಸುತ್ತಿಸಿದರು. ಆಕೆಯ ಎರಡು ಕೈಗಳ ಫೋಟೋ ಎಲ್ಲಾ ಸರ್ಕಲ್ಲಿನ ಬೋರ್ಡಿನಲ್ಲೂ ಬಂತು. ಆಕೆ ನೀರು ಹಾಕಿದ ಮಕ್ಕಳನ್ನ, ಅವರ ಅಕ್ಕಪಕ್ಕದ ಕೂಸುಗಳನ್ನೂ ಮನೆಮನೆಗೆ ಹುಡುಕಿಕೊಂಡು ಹೋಗಿ, ಅಜ್ಜಿಯ ಮೊಮ್ಮಕ್ಕಳಿಗೆ ಕಂಪನಿಯ ಉಡುಗೊರೆ ಅಂತ ಪುಕ್ಕಟೆ ಬಾಟ್ಲಿ ಹಚ್ಚಿ ಬಂದರು. ನೌಕರ ಅಂತ ನನಗೂ ಒಂದು ಸಿಕ್ಕಿತು. ಇದು ಹಳೇದನ್ನ ಕೊಲ್ಲುತ್ತೆ ಅನ್ನೋದು ಆಗಲೂ ನನ್ನ ತಲೆಗೆ ಹೊಳೀಲಿಲ್ಲ. ತಗೊಂಡು ಹೋದರೆ ಶಶಿ ಬಾಗಿಲಲ್ಲೇ ತಡೆದಳು.

"ಅಜ್ಜಿ ಕೈನೇ ತಾಗಿರೋ ಮಗೂಗೆ ಬಾಟ್ಲಿ ಯಾಕ್ರೀ? ಹಟ್ಟೀಲಿ ಹಸು ಕಟ್ಕೊಂಡು ಪ್ಯಾಕೆಟ್ ಹಾಲು ತಂದ್ರಂತೆ ನಮ್ಮೆಜಮಾನ್ರು."

"ಪುಕ್ಕಟೆ ಕಣೇ."

"ಪುಕ್ಕಟೆ ಸಿಗುತ್ತೆ ಅಂತ ಎಲ್ಲಾನೂ ಮಗೂಗೆ ಬಳಿಯೋದಾ? ತಗೊಂಡೋಗಿ ಯಾರಿಗಾದ್ರೂ ಬೇಕಾದೋರಿಗೆ ಕೊಡಿ."

ಕೊಟ್ಟುಬಿಟ್ಟೆ. ಕೂಸನ್ನು ಬಾಣಂತಿ ಕೋಣೆಯಿಂದ ಆಚೆಗೆ ತರ್ತಿರಲಿಲ್ಲ, ಬೇರೆ ಮಕ್ಕಳನ್ನ ಹತ್ತಿರ ಬಿಡ್ತಿರಲಿಲ್ಲ. ಒಂದು ಸಲ ಸುಟ್ಟುಕೊಂಡ ಮನೆ ಅದು. ಅಜ್ಜಿ ಇಲ್ಲದ್ದಕ್ಕೆ ಅತ್ತೆಯೇ ನೀರು ಹಾಕ್ತಿದ್ದರು. ಮಗಳು ಮೈ ತುಂಬಿಕೊಂಡಳು, ನನ್ನ ಬೆರಳು ಹಿಡಿದರೆ ಬಿಡ್ತಿರಲಿಲ್ಲ. ಬರೋ ವಾರ ಹೆಸರಿಡೋದು ಅಂತ ನಿಶ್ಚಯ ಮಾಡಿದೆವು.

ಆ ವಾರವೇ ಒಂದು ಬೆಳಗ್ಗೆ ಎಂ.ಡಿ. ಇಬ್ಬರು ಅತಿಥಿಗಳನ್ನು ಕರೆತಂದು ಕಂಟ್ರೋಲ್ ರೂಮಿನಲ್ಲಿ ಪರದೆಗಳನ್ನು ತೋರಿಸ್ತಿದ್ದರು. ಕಾತ್ಯಾಯಿನಿ ಮೇಡಂ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಸಾರ್, ಫ್ರೀಜರಿನಲ್ಲಿದ್ದ ಅಜ್ಜಿಯ ಮೂಲ ಸ್ಯಾಂಪಲ್ ಎಲ್ಲಿ?"

"ಸುಟ್ಟು ಹಾಕಿಸಿದೆ ಮೇಡಂ. ಬೇರೆ ಕಂಪನಿಯವರ ಕೈಗೆ ಸಿಗಬಾರದಲ್ಲ."

"ನಿನ್ನೆ ಟೂರ್ ಮುಗಿಸಿ ಅಜ್ಜಿ ಇಲ್ಲಿಗೆ ಬಂದಿದ್ದರು. ಸುಮ್ಮನೆ ಕೈ ಒರೆಸಿ ನೋಡಿದೆ. ಹಳೇದು ಒಂದೂ ಉಳಿದಿಲ್ಲ. ಇರೋದು ನಮ್ಮ ಹೊಸದು, ಅದೂ ಸಾಯ್ತಿದೆ. ಉಡುಗೊರೆ ಕೊಟ್ಟಿರಲ್ಲ, ಆ ಮಕ್ಕಳ ಸ್ಯಾಂಪಲ್ಲುಗಳೂ ಬಂದಿವೆ. ಅವರ ಮೈಮೇಲೂ ಹಳೇದು ಇಲ್ಲ. ವೇದಿಕೆ ಮೇಲೆ ನೀವು ಆಕೆ ಕೈಗೆ ಹಚ್ಚಿದಿರಲ್ಲ..." ಮೇಡಂ ಎಂ.ಡಿ. ಹತ್ತಿರ ಒಂದು ಹೆಜ್ಜೆ ಹೋದರು. "ನಿಮಗೆ ಗೊತ್ತಾಗದೆ ಆಯ್ತು ಅಲ್ವಾ ಸಾರ್? ಅಭಿಮಾನಕ್ಕೆ ಹಚ್ಚಿದ್ದು ಅಲ್ವಾ?"

ಹೌದು ಅನ್ನಲಿ ಅಂತ ನಾನೂ ಒಳಗೊಳಗೇ ಬೇಡಿಕೊಂಡೆ.

"ಗೊತ್ತಿತ್ತು ಮೇಡಂ," ಅಂದರು ಉದಯಶಂಕರ್. ಧ್ವನಿ ಏರಲಿಲ್ಲ, ಇಳಿಯಲಿಲ್ಲ. "ಇಡೀ ಮಾರುಕಟ್ಟೆಯಲ್ಲಿ ನಮಗೆ ಇದ್ದ ಪ್ರತಿಸ್ಪರ್ಧಿ ಅವರೊಬ್ಬರೇ. ನಾವು ಮಾರೋದನ್ನ ಅವರು ಎಲೆ ಅಡಿಕೆಗೆ ಕೊಡ್ತಿದ್ದರು. ಹಾಗಂತ ನಾನೇನು ಆಕೆಗೆ ತೊಂದರೆ ಕೊಟ್ಟೆನಾ? ಸನ್ಮಾನ ಮಾಡಿದೆ. ಜೀವನಪೂರ್ತಿ ಪುಕ್ಕಟೆ ಬಾಟ್ಲಿ ಬರೆದುಕೊಟ್ಟಿದ್ದೀನಿ." ಅತಿಥಿಗಳ ಕಡೆ ತಿರುಗಿ, "ಬನ್ನಿ, ಟೀ ಕುಡಿಯೋಣ," ಅಂದರು.

ಕೊಲೆ ಮಾಡಿದವನೂ ಬೆವರ್ತಾನೆ, ತಡವರಿಸ್ತಾನೆ. ಈ ಮನುಷ್ಯನ ಇಸ್ತ್ರಿ ಅಂಗಿ ಕೂಡ ಮುದುಡಿರಲಿಲ್ಲ. ಊರಿಗೆ ಊರೇ ನೋಡುವಾಗ, ಮಂಡಿಯೂರಿ, ಬೆಳ್ಳಿ ತಟ್ಟೆ ಹಿಡಿದು ಮಾಡಿ ಮುಗಿಸಿದ್ದರು. ಅದಕ್ಕೆ ನಾನು ಸೀಟಿ ಹೊಡೆದಿದ್ದೆ.

ಮೇಡಂ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದರು. "ಪಾತರಾಜು, ನಿಮ್ಮ ಮಗಳಿಗೆ ಬಾಟ್ಲಿ ಹಚ್ಚಿದ್ದೀರಾ?"

"ಇಲ್ಲ ಮೇಡಂ. ಶಶಿ ಬೇಡ ಅಂದಳು."

"ಸನ್ಮಾನ ಆದ ಮೇಲೆ ಅಜ್ಜಿ ಮುಟ್ಟಿದ್ದಾರಾ?"

"ಎಲ್ಲಿ ಮುಟ್ತಾರೆ, ಟೂರ್ ಮೇಲೇ ಇದ್ದರಲ್ಲ."

ಮೇಡಂ ಗೋಡೆಗೆ ಕೈ ಕೊಟ್ಟು ನಿಂತರು. "ಹಾಗಾದರೆ ಈ ಲೋಕದಲ್ಲಿ ಅದು ಉಳಿದಿರೋದು ನಿಮ್ಮ ಮಗಳ ಮೈಮೇಲೆ ಒಂದೇ ಕಡೆ. ಒಂದು ಸಲ ಒರೆಸಿಕೊಂಡರೆ ಸಾಕು, ನಾನು ಬೆಳೆಸ್ತೀನಿ. ನನ್ನ ಮನೆ ಅಡುಗೆಮನೆಯಲ್ಲಾದರೂ ಬೆಳೆಸಿ ಬೀದಿಬೀದಿಗೆ ಹಂಚ್ತೀನಿ. ಅಜ್ಜಿ ಈಗ ಎಲ್ಲಿದ್ದಾರೆ?"

ಆಕೆಯನ್ನು ಊರಿಗೆ ಬಿಡೋಕೆ ಬೆಳಗ್ಗೆಯೇ ಕಂಪನಿ ಕಾರು ಹೊರಟಿತ್ತು.

ಶಶಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅತ್ತೆಯ ಫೋನು ಸ್ವಿಚಾಫ್, ಅದು ಯಾವಾಗಲೂ ಹಾಗೇ. ಮೇಡಂ ಕಾರು ತೆಗೆದರು. ಕೊರಟಗೆರೆ ದಾಟೋವರೆಗೂ ನಾನು ಫೋನ್ ಒತ್ತುತ್ತಲೇ ಇದ್ದೆ, ಅದು ಬಡಿದುಕೊಳ್ತಲೇ ಇತ್ತು. ದಾರಿಯ ಬೋರ್ಡುಗಳಲ್ಲೆಲ್ಲ ಅಜ್ಜಿಯ ಕೈಗಳು. ಯಾವತ್ತೂ ದೇವರನ್ನು ಕರೆಯದ ನಾನು ಅವತ್ತು ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ.

ಮಾಳಜ್ಜಿ ನಮ್ಮ ಅತ್ತೆ ಮನೆಯ ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಸನ್ಮಾನದ ಶಾಲು ಇನ್ನೂ ಹೆಗಲ ಮೇಲಿತ್ತು. ನಮ್ಮನ್ನು ನೋಡಿ ಮುಖ ಅರಳಿತು.

"ಬಾ ಅಳಿಮಯ್ಯ. ಬಾರವ್ವ. ಕಾರಿಂದ ಇಳಿದೋಳೇ ಮನೆಗೂ ಹೋಗ್ದೆ ಇಲ್ಲಿಗೇ ಬಂದೆ ಕಣಪ್ಪ. ಅಷ್ಟೂರು ತಿರುಗಿದ್ರೂ ನಿನ್ ಮಗಳು ಕಣ್ಮುಂದೇನೇ ಇದ್ಲು."

"ಅಜ್ಜಿ," ಮೇಡಂ ಕೇಳಿದರು, "ಕೂಸಿಗೆ ನೀರು ಹಾಕಿದ್ರಾ?"

"ಹಾಕ್ದೆ. ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟೆ. ಆಗ್ಲೇ ಒಂದು ನಿದ್ದೆ ತೆಗೆದು ಎದ್ದು ಹಾಲು ಕುಡಿದು ಮತ್ತೆ ಮಲಗ್ತು." ಆಮೇಲೆ ಸ್ವಲ್ಪ ಸಂಕೋಚದಿಂದ ತನ್ನ ಅಂಗೈ ನೋಡಿಕೊಂಡಳು. "ಯಾಕೋ ಈಚೀಚೆಗೆ ನನ್ ಕೈ ಮೊದಲಿನಂಗಿಲ್ಲ ಅನ್ನಿಸ್ತೈತೆ. ಒಣಗ್ದಂಗೆ. ವಯಸ್ಸಾತಲ್ಲ. ನಿನ್ ಮಗಳಿಗೆ ಕಮ್ಮಿ ಆಗ್ಬಾರ್ದು ಅಂತ ಅವರು ಕೊಟ್ಟ ಬಾಟ್ಲಿನ ಪೂರ್ತಿ ಸುರುದು ಹಚ್ಚಿದ್ದೀನಿ. ನಂದೇ ಕೈಗುಣ ಅಲ್ವಾ ಅದ್ರಾಗಿರೋದು? ಆ ಸಾಹೇಬ್ರೇ ಹೇಳುದ್ರಲ್ಲ, ಎಲ್ಲಾರ ಮುಂದೆ."

ಮೇಡಂ ಹತ್ತಿಕಡ್ಡಿ ತಗೊಂಡು ಒಳಗೆ ಹೋಗಿ, ತೊಟ್ಟಿಲಲ್ಲಿ ಮಲಗಿದ್ದ ಮಗಳ ಕುತ್ತಿಗೆ, ಕಂಕುಳು, ತೊಡೆಸಂದಿ ಎಲ್ಲ ಒರೆಸಿಕೊಂಡರು. ಹಳೇದನ್ನ ಕೊಲ್ಲೋಕೆ ಆ ಹೊಸದಕ್ಕೆ ಒಂದು ಗಂಟೆ ಸಾಕು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಾರನೇ ದಿನ ಗಾಜಿನ ತಟ್ಟೆಯಲ್ಲಿ ಬೆಳೆದದ್ದೂ ಅದನ್ನೇ ಹೇಳಿತು.

ಅಜ್ಜಿಗೆ ಯಾರೂ ಏನೂ ಹೇಳಲಿಲ್ಲ. ಹೇಳಬೇಕು ಅಂತ ನಾನು ಎರಡು ಸಲ ಜಗಲಿಗೆ ಹೋದೆ. ಆಕೆ ಶಾಲಿನ ಜರಿಯನ್ನು ಅತ್ತೆಗೆ ತೋರಿಸ್ತಾ ಕೂತಿದ್ದಳು. ವಾಪಸ್ಸು ಬಂದೆ.

ಶಶಿಗೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ತೊಟ್ಟಿಲ ಹಗ್ಗ ಹಿಡಿದುಕೊಂಡೇ ಕೇಳಿದಳು.

"ಈಗ ಬಾಟ್ಲಿ ನಿಲ್ಲಿಸಿದ್ರೆ?"

"ನಿಲ್ಲಿಸೋ ಹಾಗಿಲ್ಲ."

"ಎಲ್ಲೀವರೆಗೆ?"

"ಐದು ವರ್ಷ ತುಂಬೋವರೆಗೆ."

ಅವಳು ಮಗಳ ಹಣೆ ಮೇಲೆ ಕೈಯಿಟ್ಟು ಬಿಸಿ ಇದೆಯಾ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆಯೇ, "ಹೋಗ್ರೀ. ಅಂಗಡಿಯವರ ಹತ್ರ ಖಾಲಿ ಆಗೋದ್ರೊಳಗೆ ತಗೊಂಡ್ ಬನ್ನಿ," ಅಂದಳು.

ಮೆಡಿಕಲ್ ಸ್ಟೋರಿನ ಮುಂದೆ ಸಾಲಿತ್ತು. ಎಲ್ಲರ ಕಂಕುಳಲ್ಲೂ ಕೂಸು. ಮುಂದಿನ ಹೆಂಗಸು ಅಂಗಡಿಯವನ ಹತ್ತಿರ, ಇನ್ನೊಂದು ವಾರ ತಡೆದರೆ ಏನೂ ಆಗಲ್ಲ ಅಲ್ವಾ ಅಣ್ಣ ಅಂತ ಕೇಳ್ತಿದ್ದಳು. ತಡೆಯೋ ಹಾಗಿಲ್ಲ ಅಂತ ಆತ ತಲೆ ಅಲ್ಲಾಡಿಸಿದ. ಆಕೆ ಕೈಯಲ್ಲಿದ್ದ ದುಡ್ಡು ಎಣಿಸ್ತಾ ಪಕ್ಕಕ್ಕೆ ಸರಿದು ನಿಂತಳು.

ನನ್ನ ಸರದಿ ಬಂತು. ಅಂಗಡಿಯವನು ಮೆಷಿನ್ ಹತ್ತಿರ ಎಳೆದುಕೊಂಡ.

"ಹೊಸಬರಾ ಸಾರ್? ಮಗುವಿನ ಹೆಸರು ಹೇಳಿ."

"ಇನ್ನೂ ಇಟ್ಟಿಲ್ಲ. ಈ ವಾರ ಇಡ್ತೀವಿ."

"ಪರವಾಗಿಲ್ಲ ಬಿಡಿ, ಹೆಸರಿಲ್ಲದಿದ್ರೂ ನಡೆಯುತ್ತೆ. ಕಂಪನಿಯಿಂದ ನಂಬರ್ ಬರುತ್ತೆ." ಏನೋ ಒತ್ತಿದ. ಮೆಷಿನ್ನಿಂದ ಒಂದು ಚೀಟಿ ಬಂತು. ಹರಿದು ಬಾಟ್ಲಿಗೆ ಸುತ್ತಿ ನನ್ನ ಕೈಗೆ ಕೊಟ್ಟ. "ಇದೇ ನಿಮ್ಮ ಮಗಳ ನಂಬರ್. ಇದನ್ನ ಹೇಳಿದ್ರೆ ಮಾತ್ರ ಮುಂದಿನದು ಕೊಡೋದು. ಎಲ್ಲಿ, ಒಂದ್ಸಲ ಹೇಳಿ ನೋಡೋಣ."

ಹೇಳಿದೆ. ಒಂದು ಅಂಕಿ ತಪ್ಪಿತು. ಆತ ತಿದ್ದಿದ. ಮತ್ತೆ ಹೇಳಿದೆ. ಮನೆ ಮುಟ್ಟೋವರೆಗೂ ಅದನ್ನೇ ಹೇಳಿಕೊಂಡು ಬಂದೆ.